ಉಪಮೆಯೂ ಸಿಮಿಲಿಯೂ

ನಮ್ಮ ಪ್ರೌಢಶಾಲೆಗಳ ವೇಳಾಪಟ್ಟಿಯಲ್ಲಿ ಕನ್ನಡದ ಪಾಠವೂ ಇಂಗ್ಲಿಷಿನ ಪಾಠವೂ ಅನೇಕ ವೇಳೆ ಒಂದರ ಬೆನ್ನಿಗೊಂದು ಬರುತ್ತವೆ. ಮೊದಲನೆಯದರಲ್ಲಿ ಹುಡುಗನು ಉಪಮಾಲಂಕಾರದ ಲಕ್ಷಣವನ್ನು ಬರೆದುಕೊಳ್ಳುತ್ತಾನೆ. ಎರಡನೆಯದರಲ್ಲಿ ‘ಸಿಮಿಲಿ’ಯ ಲಕ್ಷಣವನ್ನು. ಇವೆರಡಕ್ಕೂ ಏನಾದರೂ ಸಂಬಂಧ ಉಂಟೇ ಎಂದು ಕಾಲೇಜಿಗೆ ಹೊಸದಾಗಿ ಬಂದವರನ್ನು ನಾನು ಪ್ರತಿ ವರ್ಷವೂ ಕೇಳುತ್ತ ಬಂದಿದ್ದೇನೆ. ಹೆಚ್ಚಿನವರು ಮೌನವಾಗುತ್ತಾರೆ. ಅದು ಅಜ್ಞಾನದ ಮೌನವಲ್ಲ. ಎರಡೂ ಲಕ್ಷಣಗಳನ್ನು ಅವರು ತಪ್ಪಿಲ್ಲದೆ ಒಪ್ಪಿಸಬಲ್ಲರು. ಒಂದನ್ನು ಮತ್ತೊಂದರ ಪಕ್ಕದಲ್ಲಿಟ್ಟು ನೋಡಬಹುದೆಂಬ ಮಾತನ್ನು ಅವರಿಗೆ ಯಾರೂ ಹೇಳಿಲ್ಲ, ಅಷ್ಟೆ.

ಇಂಗ್ಲಿಷಿನ ಅಲಂಕಾರಗಳ ಹೆಸರುಗಳು ನಮ್ಮ ಮಕ್ಕಳಿಗೆ ಕಬ್ಬಿಣದ ಕಡಲೆಯಾಗುವುದು ಸಹಜವೇ. ಆದರೆ ಅವು ಇಂಗ್ಲಿಷರಿಗೂ ಹೊರಗಿನವೇ. ‘ಮೆಟಫರ್’, ‘ಹೈಪರ್ಬೊಲಿ’, ‘ಐರನಿ’ ಇವೆಲ್ಲ ಗ್ರೀಕಿನಿಂದ ಬಂದವು. ಜಾರ್ಜ್ ಪಟನ್‌ಹ್ಯಾಮನದೆಂದು ಹೇಳಲಾಗುವ, 1589ರಲ್ಲಿ ಅಚ್ಚಾದ ಕಾವ್ಯಶಾಸ್ತ್ರಗ್ರಂಥದಲ್ಲಿ ಈ ಪರಭಾಷೆಯ ಹೆಸರುಗಳಿಗೆ ದೇಸಿ ಹೆಸರುಗಳನ್ನು ಕೊಡುವ ಪ್ರಯತ್ನವಿದೆ. ಅಲ್ಲಿ ಐರನಿ ಎಂದರೆ ಒಣ ಪರಿಹಾಸ. ಮೆಟಫರ್ ಎಂದರೆ ಸಾಗಾಟದ ಅಲಂಕಾರ. ಈ ಹೆಸರುಗಳು ನಿಲ್ಲಲಿಲ್ಲ, ಗ್ರೀಕಿನವೇ ಉಳಿದವು. ಆದರೂ ಹೆಸರು ಕೇಳಿದೊಡನೆ ಅಲಂಕಾರದ ಕೆಲಸ ಕಣ್ಣಿಗೆ ಕಟ್ಟಬೇಕೆಂಬ ಆ ಹಂಬಲ ಉಪಾಧ್ಯಾಯನೆನಿಸಿದವನಿಗೆ ಇಂದಿಗೂ ಅನುಕರಣೀಯವಾದುದು. ಮೆಟಫರ್ ಎಂದರೆ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದು. ಹೈಪರ್ಬೊಲಿ ಎಂದರೆ ಗುರಿಯಾಚೆಗೆ ಎಸೆಯುವುದು. ಇಷ್ಟನ್ನು ಹೇಳಿದರೆ ಲಕ್ಷಣವಾಕ್ಯವನ್ನು ಉರುಹೊಡೆಯುವ ಶ್ರಮ ಅರ್ಧಕ್ಕರ್ಧ ತಗ್ಗುತ್ತದೆ.

ಈ ಹೆಸರುಗಳೆಲ್ಲ ಹುಟ್ಟಿದ್ದು ಪರೀಕ್ಷೆಗಾಗಿ ಅಲ್ಲ, ಮಾತಿಗಾಗಿ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಅರಿಸ್ಟಾಟಲನು ವಾಗ್ಮಿತೆಯನ್ನು ಕುರಿತು ಬರೆದಾಗ, ಆಡುವವನ ಶೀಲ, ಕೇಳುವವನ ಭಾವ, ಮಾತಿನೊಳಗಿನ ಯುಕ್ತಿ ಎಂಬ ಮೂರರ ಬಲವನ್ನು ವಿವೇಚಿಸಿದನು. 1512ರಲ್ಲಿ ಪ್ರಕಟವಾದ ಎರಾಸ್ಮಸನ ಲ್ಯಾಟಿನ್ ಪಠ್ಯವೊಂದು ಇಂಗ್ಲೆಂಡಿನ ಶಾಲೆಗಳಲ್ಲಿ ಬಹುಕಾಲ ಬಳಕೆಯಲ್ಲಿತ್ತು. ‘ನಿಮ್ಮ ಪತ್ರದಿಂದ ಬಹಳ ಸಂತೋಷವಾಯಿತು’ ಎಂಬಷ್ಟು ಸಣ್ಣ ಮಾತನ್ನು ನೂರಕ್ಕೂ ಹೆಚ್ಚು ಬಗೆಯಲ್ಲಿ ಹೇಳಿ ತೋರಿಸಿದ ಪುಸ್ತಕವದು. ಅಲ್ಲಿ ಅಲಂಕಾರವೆಂದರೆ ಗುರುತು ಹಿಡಿಯುವ ವಸ್ತುವಲ್ಲ, ಕೈಯಲ್ಲಿ ಹಿಡಿದು ದುಡಿಯುವ ಉಪಕರಣ. ಕಾಲಕ್ರಮದಲ್ಲಿ ಆ ವಿಶಾಲಶಾಸ್ತ್ರ ಕುಗ್ಗಿ ಶಾಲಾವ್ಯಾಕರಣದ ಒಂದು ಅಧ್ಯಾಯವಾಯಿತು. ನಮ್ಮ ದೇಶದ ತಲೆಮಾರುಗಳೇ ಓದಿದ ರೆನ್ ಮತ್ತು ಮಾರ್ಟಿನರ ಪುಸ್ತಕದಲ್ಲಿಯೂ ಅಲಂಕಾರಗಳಿಗೆ ದೊರೆತಿರುವುದು ಅಂಥದೊಂದು ಅಧ್ಯಾಯವೇ.

ಇಲ್ಲಿಯೇ ಕನ್ನಡದ ಪಾಠ ಇಂಗ್ಲಿಷಿನ ನೆರವಿಗೆ ಬರಬಹುದು. ಇಂಗ್ಲಿಷಿನ ಪ್ರಶ್ನೆ ಬಹುಮಟ್ಟಿಗೆ ಅಲಂಕಾರದ ಹೆಸರನ್ನು ಕೇಳಿ ಸುಮ್ಮನಾಗುತ್ತದೆ. ಕನ್ನಡದ ಪ್ರಶ್ನೆ ಸಮನ್ವಯವನ್ನೂ ಕೇಳುತ್ತದೆ. ಉಪಮೇಯ ಯಾವುದು, ಉಪಮಾನ ಯಾವುದು, ವಾಚಕಪದ ಯಾವುದು, ಸಮಾನಧರ್ಮ ಯಾವುದು ಎಂದು ಬಿಡಿಸಿ ತೋರಿಸಬೇಕಾಗುತ್ತದೆ. ‘ಮುದುಕನ ಕೈ ಒಣಗಿದ ಎಲೆಯಂತೆ ನಡುಗುತ್ತಿತ್ತು’ ಎಂಬ ವಾಕ್ಯವನ್ನು ತೆಗೆದುಕೊಳ್ಳೋಣ. ಕೈ ಉಪಮೇಯ, ಎಲೆ ಉಪಮಾನ, ನಡುಗುವಿಕೆ ಸಮಾನಧರ್ಮ. ಆದರೆ ವೀಣೆಯ ತಂತಿಯೂ ನಡುಗುತ್ತದಲ್ಲ! ತಂತಿಯನ್ನು ಬಿಟ್ಟು ಎಲೆಯನ್ನೇಕೆ ಆರಿಸಿಕೊಂಡದ್ದು? ಒಣಗಿದ ಎಲೆ ನಡುಗುವುದಷ್ಟೇ ಅಲ್ಲ, ಇನ್ನೇನು ಉದುರಲಿದೆ. ಮುದುಕನ ಆಯುಸ್ಸು ಆ ಒಂದು ಹೋಲಿಕೆಯೊಳಗೆ ಬಂದು ಕುಳಿತಿದೆ. ಹೆಸರಿನ ಮಟ್ಟದಲ್ಲಿ ಎಲೆಯೂ ತಂತಿಯೂ ಒಂದೇ. ಎರಡೂ ‘ಸಿಮಿಲಿ’, ಎರಡಕ್ಕೂ ಒಂದೇ ಅಂಕ. ಸಮನ್ವಯಕ್ಕೆ ಇಳಿದಾಗ ಮಾತ್ರ ಅವುಗಳ ಅಂತರ ತಿಳಿಯುತ್ತದೆ. ಸಮನ್ವಯವನ್ನೂ ನಾವು ಒಂದು ಅಚ್ಚಿನ ಉತ್ತರವಾಗಿ ಮಾಡಿಬಿಟ್ಟಿದ್ದೇವೆಂಬುದು ನಿಜ. ಆದರೂ ಬಾಗಿಲು ಇರುವುದು ಅಲ್ಲಿಯೇ.

ಎಲ್ಲ ಹೆಸರುಗಳೂ ಹೀಗೆ ಜೋಡಿಯಾಗುವುದಿಲ್ಲವೆಂಬುದನ್ನೂ ಮರೆಯಬಾರದು. ‘ಊರಿಗೆ ಊರೇ ನಕ್ಕಿತು’ ಎಂದರೆ ನಕ್ಕವರು ಊರಿನ ಜನ. ಇಂಗ್ಲಿಷಿನವರು ಇದನ್ನು ‘ಮೆಟಾನಿಮಿ’ ಎಂಬ ಅಲಂಕಾರವೆನ್ನುತ್ತಾರೆ. ನಮ್ಮ ಶಾಸ್ತ್ರಕಾರರು ಶಬ್ದಶಕ್ತಿಯ ವಿಚಾರದಲ್ಲಿ ‘ಲಕ್ಷಣಾ’ ಎಂದು ಕರೆದು ಬೇರೊಂದು ಮನೆಯಲ್ಲಿಟ್ಟಿದ್ದಾರೆ. ಈ ವ್ಯತ್ಯಾಸವೇ ಒಂದು ಸೊಗಸಾದ ಪಾಠವಾದೀತು.

ವ್ಯಾಕರಣದಲ್ಲಿಯೂ ಶಬ್ದಸಂಪತ್ತಿನಲ್ಲಿಯೂ ಇದೇ ದಾರಿ ತೆರೆದಿದೆ. ಇಂಗ್ಲಿಷಿನ ‘ಎ’ ಮತ್ತು ‘ದಿ’ ನಮ್ಮ ಮಕ್ಕಳನ್ನು ಕಾಡುತ್ತವೆ. ಕನ್ನಡದಲ್ಲಿ ಅಂಥ ಪದಗಳಿಲ್ಲವೆಂದು ನಾವು ಸಮಾಧಾನ ಹೇಳುತ್ತೇವೆ. ಆದರೆ ‘ಪುಸ್ತಕ ಕೊಂಡೆ’ ಎನ್ನುವುದಕ್ಕೂ ‘ಪುಸ್ತಕವನ್ನು ಕೊಂಡೆ’ ಎನ್ನುವುದಕ್ಕೂ ಇರುವ ಭೇದವನ್ನು ಕಿವಿಗೊಟ್ಟು ಕೇಳಿದರೆ, ಎರಡನೆಯದರಲ್ಲಿ ಒಂದು ನಿರ್ದಿಷ್ಟವಾದ ಪುಸ್ತಕ ಇಣುಕುವುದು ತಿಳಿಯುತ್ತದೆ. ಹಾಗೆಯೇ ಆಹಾರ, ವಿಹಾರ, ಸಂಹಾರ, ಪರಿಹಾರಗಳಲ್ಲಿ ಉಪಸರ್ಗದ ಮಹಿಮೆಯನ್ನು ಬಲ್ಲ ವಿದ್ಯಾರ್ಥಿಗೆ ಇಂಪೋರ್ಟ್, ಎಕ್ಸ್‌ಪೋರ್ಟ್, ಟ್ರಾನ್ಸ್‌ಪೋರ್ಟ್‌ಗಳನ್ನು ಮೂರು ಬೇರೆ ಬೇರೆ ಮಾತುಗಳಾಗಿ ಕಲಿಸಬೇಕಾಗಿಲ್ಲ. ಹೊರುವುದೆಂಬ ಒಂದೇ ಲ್ಯಾಟಿನ್ ಧಾತು ಮೂರರಲ್ಲಿಯೂ ಇದೆ.

ಇಷ್ಟೆಲ್ಲ ಹೇಳುವುದು ಅಂಕಗಳ ಸಲುವಾಗಿ ಅಲ್ಲ. ಹಳ್ಳಿಯ ಶಾಲೆಯ ಹುಡುಗಿಯೊಬ್ಬಳು ವ್ಯಾಕರಣವೂ ಅಲಂಕಾರವೂ ಇಂಗ್ಲಿಷಿನ ಸ್ವತ್ತೆಂದೂ ತಾನು ಅದರ ಬಾಗಿಲಲ್ಲಿ ನಿಂತ ಪರಕೀಯಳೆಂದೂ ಭಾವಿಸಿದರೆ, ಆ ಭಾಷೆ ಅವಳ ನಾಲಗೆಗೆ ಎಂದಿಗೂ ಒಗ್ಗದು. ‘ಕವಿರಾಜಮಾರ್ಗ’ ಅಲಂಕಾರಗಳನ್ನು ವಿವರಿಸಿದ್ದು ಒಂಬತ್ತನೆಯ ಶತಮಾನದಲ್ಲಿ. 1260ರ ಸುಮಾರಿನಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ವನ್ನು ರಚಿಸಿ, ತನ್ನ ಸೂತ್ರಗಳಿಗೆ ಪೂರ್ವಕವಿಗಳ ಪ್ರಯೋಗಗಳನ್ನೇ ಆಧಾರವಾಗಿ ಕೊಟ್ಟನು. ವಿಲಿಯಂ ಬುಲ್ಲೊಕರನು ಇಂಗ್ಲಿಷಿನ ಮೊದಲ ವ್ಯಾಕರಣವನ್ನು ಪ್ರಕಟಿಸಿದ್ದು 1586ರಲ್ಲಿ. ಇದನ್ನು ಹೆಮ್ಮೆ ಕೊಚ್ಚಿಕೊಳ್ಳುವುದಕ್ಕಾಗಿ ಹೇಳಬೇಕಾಗಿಲ್ಲ. ಅಂಜಿಕೆ ಹೋಗುವುದಕ್ಕಾಗಿ ಹೇಳಬೇಕು.

ಇದಕ್ಕೆ ಹೊಸ ಪಠ್ಯಕ್ರಮವೇನೂ ಬೇಕಿಲ್ಲ. ಎರಡು ಭಾಷೆಗಳ ಉಪಾಧ್ಯಾಯರು ತಿಂಗಳಿಗೊಮ್ಮೆ ಅರ್ಧ ಗಂಟೆ ಜೊತೆಗೆ ಕುಳಿತು ತಮ್ಮ ಪಾಠಗಳನ್ನು ಹೋಲಿಸಿಕೊಂಡರೆ ಸಾಕು. ಪ್ರಶ್ನೆಪತ್ರಿಕೆಯನ್ನು ಸಿದ್ಧಪಡಿಸುವವರು ‘ಇದು ಯಾವ ಅಲಂಕಾರ?’ ಎಂಬುದರ ಕೆಳಗೆ ‘ಇಲ್ಲಿ ಈ ಹೋಲಿಕೆಯೇ ಏಕೆ?’ ಎಂಬ ಇನ್ನೊಂದು ಸಾಲನ್ನು ಸೇರಿಸಲಿ. ಉತ್ತರಗಳನ್ನು ತಿದ್ದುವ ಕೆಲಸ ಆಗ ಸ್ವಲ್ಪ ಕಷ್ಟವಾದೀತು. ಓದುವ ಕೆಲಸಕ್ಕೆ ಮಾತ್ರ ಅರ್ಥ ಬರುತ್ತದೆ.