ಹಳದಿ ಹೂವಿನ ಕಾಡಗಸೆ
ಅಥಣಿ, ರಾಯಬಾಗಗಳ ಎರೆಹೊಲದಲ್ಲಿ ಬೆಳೆಯುವ ಅಗಸೆಯ ಹೂವು ಸಾಮಾನ್ಯವಾಗಿ ನೀಲಿ. ಅದರ ಬಂಧುವಾದ ಕಾಡಗಸೆಯದು ಹಳದಿ. ಮಳೆಗಾಲ ತೀರುವಾಗ ಚಿಕ್ಕೋಡಿ, ನಿಪ್ಪಾಣಿಗಳ ಕಡೆಯ ಒಣ ಹುಲ್ಲುಗುಡ್ಡಗಳಲ್ಲಿ ಇದನ್ನು ಅರಸಬೇಕು. ಶಾಸ್ತ್ರಜ್ಞರು ಇದಕ್ಕೆ ಲೈನಮ್ ಮೈಸೂರೆನ್ಸ್ ಎಂದು ನಮ್ಮ ಮೈಸೂರಿನ ಹೆಸರನ್ನೇ ಇಟ್ಟಿರುವರು.

ಇದನ್ನು ಗುರುತಿಸುವುದೆಂತು? ಬಣ್ಣವೊಂದನ್ನೇ ನಂಬಿದರೆ ಮೋಸಹೋಗುವೆವು. ನೆಗ್ಗಿಲಿಗೂ ಐದು ಹಳದಿ ಎಸಳುಗಳುಂಟು. ಆದುದರಿಂದ ಎಣಿಸೋಣ. ನೆಗ್ಗಿಲು ನೆಲದ ಮೇಲೆ ಹಬ್ಬುವುದು. ಅದರ ಎಲೆ ಗರಿಯಂತೆ, ಕೇಸರಗಳು ಹತ್ತು, ಕಾಯಿ ಮುಳ್ಳುಮುಳ್ಳು. ಕಾಡಗಸೆ ನೆಟ್ಟಗೆ ನಿಲ್ಲುವುದು. ಅದರ ಎಲೆ ಕಿರಿದು, ಪರಾಗವುಳ್ಳ ಕೇಸರಗಳು ಐದು, ಶಲಾಕೆಗಳು ಐದು, ಕಾಯಿ ದುಂಡಗೆ, ಮುಳ್ಳಿಲ್ಲದ್ದು. ನೀಲಿ ಅಗಸೆಯಲ್ಲಿಯೂ ಇದೇ ಲೆಕ್ಕ! ಬಣ್ಣ ಮರೆಮಾಚಿದ ನಂಟನ್ನು ಎಣಿಕೆ ಹೊರಗೆಡಹುವುದು.

ಗಿಡವನ್ನು ಕೀಳದೆ ಬಾಗಿ ನೋಡೋಣ. ಇದು ಒಂದೇ ವರ್ಷ ಬಾಳುವ ಸಸ್ಯ; ಬೀಜ ಉದುರುವ ಮುನ್ನವೇ ಕಿತ್ತರೆ ಅದರ ವಂಶ ಉಳಿಯುವುದೆಂತು?