ಚಹಾಕ್ಕೆ ಸಕ್ಕರೆ ಕಮ್ಮಿ, ದಿನಕ್ಕೆ ನಡಿಗೆ ಜಾಸ್ತಿ

ಮದುವೆ ಮನೆಯಲ್ಲಿ ನಾಲ್ಕು ಜನ ಹಿರಿಯರು ಒಟ್ಟು ಸೇರಿದರೆ ಸಲಾಂ ಹೇಳಿ ಮುಗಿಯುವಷ್ಟರಲ್ಲಿ ಬರುವ ಪ್ರಶ್ನೆ ಒಂದೇ: "ಶುಗರ್ ಎಷ್ಟುಂಟು?" ಒಬ್ಬರು ಗುಳಿಗೆಯ ಹೆಸರು ಹೇಳುತ್ತಾರೆ, ಇನ್ನೊಬ್ಬರು ಇನ್ಸುಲಿನ್ ಎಂದು ತಲೆಯಾಡಿಸುತ್ತಾರೆ. ಅಷ್ಟರಲ್ಲಿ ಬಿರಿಯಾನಿ ಬರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ.

ಇದು ನಮ್ಮ ಊರಿನ ಮಾತು ಮಾತ್ರ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ದೊಡ್ಡ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13 ಕೋಟಿಗಿಂತ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ. ಇಂದು ನಮ್ಮ ಮೊಹಲ್ಲಾದ ವಾಟ್ಸಾಪ್ ಗ್ರೂಪುಗಳಲ್ಲಿ ಡಯಾಲಿಸಿಸ್‌ಗೆ, ಹೃದಯದ ಶಸ್ತ್ರಚಿಕಿತ್ಸೆಗೆ ನೆರವು ಕೇಳುವ ಮನವಿಗಳು ಬರುತ್ತಲೇ ಇರುತ್ತವೆ. ಕಿಡ್ನಿ ಕೈಕೊಟ್ಟರೆ ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗಬೇಕು. ದುಡಿಯುವ ಮನುಷ್ಯ ಮನೆಯಲ್ಲಿ ಕೂರಬೇಕು. ಇದಕ್ಕೆ ಬಹಳಷ್ಟು ಸಲ ಕಾರಣ ವರ್ಷಗಟ್ಟಲೆ ಹತೋಟಿಗೆ ಬಾರದ ಶುಗರ್ ಮತ್ತು ಬಿ.ಪಿ. ಇದನ್ನು ದೂರ ಇಡಲಿಕ್ಕೆ ದುಬಾರಿ ಜಿಮ್ ಬೇಕಾಗಿಲ್ಲ, ಡಬ್ಬಿಯ ಪೌಡರ್ ಬೇಕಾಗಿಲ್ಲ. ಅಡುಗೆಮನೆಯಲ್ಲಿ, ಅಂಗಳದಲ್ಲಿ ಮಾಡಬಹುದಾದ ಸಣ್ಣ ಬದಲಾವಣೆಗಳು ಸಾಕಷ್ಟಿವೆ.

ಚಹಾದಿಂದ ಶುರು ಮಾಡಿ

ನಮ್ಮ ಮನೆಗಳಲ್ಲಿ ಬೆಳಗ್ಗೆ ಒಂದು ಚಹಾ, ಹತ್ತು ಗಂಟೆಗೆ ಒಂದು, ಅಸರ್ ನಂತರ ಒಂದು, ನೆಂಟರು ಬಂದರೆ ಮತ್ತೊಂದು. ಒಂದು ಗ್ಲಾಸಿಗೆ ಎರಡು ಚಮಚ ಸಕ್ಕರೆ ಅಂತ ಇಟ್ಟುಕೊಂಡರೂ ದಿನಕ್ಕೆ ಎಂಟು ಚಮಚ ಆಯಿತು. ಬೆರೆಸುವ ಸಕ್ಕರೆ ದಿನಕ್ಕೆ 25 ಗ್ರಾಂ, ಅಂದರೆ ಸುಮಾರು ಆರು ಚಮಚದ ಒಳಗೆ ಇದ್ದರೆ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಬಿಸ್ಕತ್ತು, ಹಲ್ವಾ, ಶರಬತ್ತು ಸೇರುವ ಮೊದಲೇ ನಮ್ಮ ಲೆಕ್ಕ ದಾಟಿ ಹೋಯಿತು.

ಒಮ್ಮೆಲೇ ಬಿಡಲಿಕ್ಕೆ ಹೋಗಬೇಡಿ, ನಾಲ್ಕು ದಿನದಲ್ಲಿ ಹಳೆಯ ದಾರಿಗೇ ಬರುತ್ತೀರಿ. ಎರಡು ಚಮಚ ಹಾಕುವವರು ಮೊದಲ ಎರಡು ವಾರ ಒಂದೂವರೆ ಹಾಕಿ, ಆಮೇಲೆ ಒಂದು. ನಾಲಿಗೆ ಅಭ್ಯಾಸ ಮಾಡಿಕೊಳ್ಳುತ್ತದೆ. ದಿನಕ್ಕೆ ನಾಲ್ಕು ಚಹಾದಲ್ಲಿ ಒಂದೊಂದು ಚಮಚ ಕಡಿಮೆ ಮಾಡಿದರೆ ಒಬ್ಬರ ಹೊಟ್ಟೆಗೆ ವರ್ಷಕ್ಕೆ ಸುಮಾರು ಆರು ಕೆಜಿ ಸಕ್ಕರೆ ಕಮ್ಮಿ ಹೋಗುತ್ತದೆ! ಸಕ್ಕರೆ ಬದಲು ಬೆಲ್ಲ ಹಾಕಿದರೆ ಏನೂ ಆಗುವುದಿಲ್ಲ ಎಂಬ ನಂಬಿಕೆ ಕೆಲವರಿಗೆ ಉಂಟು. ಶುಗರ್ ಇದ್ದವರಿಗೆ ಬೆಲ್ಲವೂ ಸಕ್ಕರೆಯೇ, ಜೇನೂ ಸಕ್ಕರೆಯೇ.

ಮೂರು ಹೊತ್ತೂ ಅಕ್ಕಿಯೇ?

ಬೆಳಗ್ಗೆ ಪತ್ತಿರ್ ಅಥವಾ ಪುಂಡಿ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ರಾತ್ರಿ ಮತ್ತೆ ಪತ್ತಿರ್. ಹೆಸರು ಬೇರೆ, ರುಚಿ ಬೇರೆ, ಆದರೆ ಹೊಟ್ಟೆಗೆ ಹೋಗುವುದು ಮೂರು ಹೊತ್ತೂ ಅಕ್ಕಿ. "ಕುಚ್ಚಲಕ್ಕಿ ಅಲ್ವಾ, ಎಷ್ಟು ಉಂಡರೂ ಆಗ್ತದೆ" ಎನ್ನುವವರಿದ್ದಾರೆ. ಕುಚ್ಚಲಕ್ಕಿ ಒಳ್ಳೆಯದೇ, ಬೆಳ್ತಿಗೆಗಿಂತ ಅದರಲ್ಲಿ ಬಿ ವಿಟಮಿನ್ ಹೆಚ್ಚು ಉಳಿದಿರುತ್ತದೆ. ಆದರೆ ಬಟ್ಟಲು ತುಂಬಾ ಗುಡ್ಡೆ ಹಾಕಿ ಉಂಡರೆ ಅದೂ ಶುಗರ್ ಏರಿಸುತ್ತದೆ.

ಸುಲಭದ ಲೆಕ್ಕ ಹೀಗೆ: ಬಟ್ಟಲಿನ ಅರ್ಧ ಭಾಗ ತರಕಾರಿ, ಕಾಲು ಭಾಗ ಮೀನು, ಮೊಟ್ಟೆ, ಕೋಳಿ ಅಥವಾ ಬೇಳೆ, ಉಳಿದ ಕಾಲು ಭಾಗ ಮಾತ್ರ ಅನ್ನ ಅಥವಾ ಪತ್ತಿರ್. ನಮ್ಮಲ್ಲಿ ತರಕಾರಿ ಎಂದರೆ ಮೀನು ಸಿಗದ ದಿನದ ಅಡುಗೆ ಎಂಬ ಹಾಗೆ ಆಗಿದೆ. ಬಸಳೆ, ಹರಿವೆ, ಅಲಸಂಡೆ, ತೊಂಡೆಕಾಯಿ, ನುಗ್ಗೆ ಸೊಪ್ಪು ಹಿತ್ತಲಲ್ಲೇ ಬೆಳೆಯುತ್ತವೆ. ದಿನಕ್ಕೊಂದು ಪಲ್ಯ ಕಡ್ಡಾಯ ಮಾಡಿ. ಮೊದಲು ಪಲ್ಯ ಮತ್ತು ಮೀನು ತಿಂದು, ಆಮೇಲೆ ಅನ್ನಕ್ಕೆ ಕೈ ಹಾಕಿದರೆ ಶುಗರ್ ಒಮ್ಮೆಲೇ ಏರುವುದು ತಗ್ಗುತ್ತದೆ.

ಮೀನಿನ ವಿಷಯದಲ್ಲಿ ಕರಾವಳಿಯವರು ಪುಣ್ಯವಂತರು. ಬಂಗುಡೆ, ಬೂತಾಯಿಯಲ್ಲಿ ಹೃದಯಕ್ಕೆ ಒಳ್ಳೆಯದಾದ ಒಮೆಗಾ-3 ಕೊಬ್ಬು ಧಾರಾಳ ಇದೆ, ಅಂಜಲ್‌ನಷ್ಟು ಬೆಲೆಯೂ ಇಲ್ಲ. ಆದರೆ ವಾರದ ಏಳು ದಿನವೂ ಎಣ್ಣೆಯಲ್ಲಿ ಮುಳುಗಿಸಿ ಕಾಯಿಸಿದರೆ ಲಾಭ ಎಲ್ಲಿಂದ? ಹೆಚ್ಚಿನ ದಿನ ಸಾರು ಮಾಡಿ, ಕಾಯಿಸುವ ದಿನ ಕಾವಲಿಯಲ್ಲಿ ಕಡಿಮೆ ಎಣ್ಣೆ ಸಾಕು. ಒಮ್ಮೆ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ.

ಉಪ್ಪಿನ ಮೇಲೂ ಒಂದು ಕಣ್ಣಿರಲಿ. ದಿನಕ್ಕೆ ಒಬ್ಬರಿಗೆ ಎಲ್ಲಾ ಸೇರಿ ಒಂದು ಸಣ್ಣ ಚಮಚ, ಅಂದರೆ 5 ಗ್ರಾಂಗಿಂತ ಕಡಿಮೆ ಸಾಕು. ಒಣಮೀನು, ಉಪ್ಪಿನಕಾಯಿ, ಹಪ್ಪಳ ಮೂರೂ ಒಂದೇ ಊಟಕ್ಕೆ ಬಂದರೆ ಅಲ್ಲಿಗೇ ಆ ಲೆಕ್ಕ ಮುಗಿದಂತೆ. ಬಿ.ಪಿ. ಇರುವ ಹಿರಿಯರ ಬಟ್ಟಲಿಗೆ ಇವನ್ನು ಅಪರೂಪ ಮಾಡಿ.

ಔತಣ ಬಿಡಬೇಡಿ, ಅಳತೆ ಇಡಿ

ಮದುವೆಯ ಸೀಸನ್‌ನಲ್ಲಿ ವಾರಕ್ಕೆ ಮೂರು ಊಟ ಇರುತ್ತದೆ. ಹೋಗದೆ ಇರಲಿಕ್ಕೆ ಆಗುವುದಿಲ್ಲ, ಹೋಗಲೂಬೇಕು. ಆದರೆ ಬಿರಿಯಾನಿಯೂ, ನೈಚೋರೂ, ಪುಡಿಂಗೂ, ಐಸ್‌ಕ್ರೀಮೂ ಎಲ್ಲವೂ ಒಂದೇ ಹೊಟ್ಟೆಗೆ ಹೋಗಬೇಕಾಗಿಲ್ಲ. 300 ಮಿಲಿಲೀಟರಿನ ಕೋಲಾ ಬಾಟಲಿಯೊಂದರಲ್ಲಿ ಹೆಚ್ಚುಕಡಿಮೆ 30 ಗ್ರಾಂ ಸಕ್ಕರೆ ಇರುತ್ತದೆ. ಅದರ ಬದಲು ನೀರು ಕುಡಿಯಿರಿ. ಅನ್ನಕ್ಕಿಂತ ಮಾಂಸದ ತುಂಡು, ಸಲಾಡ್ ತೆಗೆದುಕೊಳ್ಳಿ. ಸಿಹಿ ಬೇಕೇಬೇಕಾದರೆ ಒಂದೇ ಬಗೆ, ಎರಡು ಚಮಚ.

ಔತಣ ಕೊಡುವವರಿಗೂ ಒಂದು ಮಾತು. "ಇನ್ನೊಂದು ಸ್ವಲ್ಪ ಹಾಕಿ" ಎಂದು ಒತ್ತಾಯಿಸುವುದು ನಮ್ಮ ಪ್ರೀತಿಯ ರೀತಿ. ಆದರೆ ಶುಗರ್ ಇರುವ ನೆಂಟರಿಗೆ ಆ ಒತ್ತಾಯ ತೊಂದರೆ. ಬೇಡ ಎಂದವರನ್ನು ಬಿಟ್ಟುಬಿಡಿ.

ನಡೆಯಲಿಕ್ಕೆ ಪುರುಸೊತ್ತು ಎಲ್ಲುಂಟು?

ವಾರಕ್ಕೆ ಕನಿಷ್ಠ 150 ನಿಮಿಷ, ಅಂದರೆ ಐದು ದಿನ ಅರ್ಧ ಅರ್ಧ ಗಂಟೆ ಸ್ವಲ್ಪ ಬಿರುಸಾಗಿ ನಡೆಯಬೇಕು ಎಂಬುದು ವೈದ್ಯರ ಸಾಮಾನ್ಯ ಸಲಹೆ. ಅದನ್ನು ಹತ್ತು ಹತ್ತು ನಿಮಿಷದ ಮೂರು ತುಂಡು ಮಾಡಿದರೂ ನಡೆಯುತ್ತದೆ. ಅರ್ಧ ಕಿಲೋಮೀಟರ್ ದೂರದ ಮಸೀದಿಗೆ ಬೈಕ್ ಯಾಕೆ? ದಿನಕ್ಕೆ ಎರಡು ವಕ್ತಿಗೆ ನಡೆದು ಹೋಗಿ ಬಂದರೆ ಎರಡು ಕಿಲೋಮೀಟರ್ ತನ್ನಿಂತಾನೇ ಆಯಿತು. ರಾತ್ರಿ ಊಟ ಮಾಡಿ ನೇರ ಸೋಫಾಕ್ಕೆ ಹೋಗದೆ ಹತ್ತು ನಿಮಿಷ ಅಂಗಳದಲ್ಲಿ ನಡೆದರೆ ಊಟದ ನಂತರದ ಶುಗರ್ ತಗ್ಗುತ್ತದೆ.

ಮನೆಯ ಹೆಂಗಸರು "ದಿನವಿಡೀ ಕೆಲಸ ಮಾಡ್ತೇವಲ್ಲ, ವಾಕಿಂಗ್ ಯಾಕೆ?" ಎನ್ನುತ್ತಾರೆ. ಮನೆಕೆಲಸದ ದಣಿವು ನಿಜ, ಆದರೆ ಅದರಲ್ಲಿ ಹೆಚ್ಚಿನದು ಒಂದೇ ಕಡೆ ನಿಂತು, ಬಗ್ಗಿ ಮಾಡುವ ಕೆಲಸ. ಉಸಿರು ಸ್ವಲ್ಪ ಜೋರಾಗುವಂಥ ನಡಿಗೆ ಬೇರೆಯೇ ಬೇಕು. ರಸ್ತೆಗೆ ಹೋಗಲು ಸಂಕೋಚವಾದರೆ ಟೆರೇಸ್ ಉಂಟು, ತೋಟ ಉಂಟು. ಸುಬಹ್ ನಂತರ ನೆರೆಮನೆಯ ಇಬ್ಬರು ಜೊತೆಯಾದರೆ ಮಾತಿಗೆ ಮಾತೂ ಆಯಿತು, ನಡಿಗೆಗೆ ನಡಿಗೆಯೂ ಆಯಿತು.

ಬೀಡಿ ಕಟ್ಟುವ ಸಹೋದರಿಯರು ತಡ್ಪೆ ಮಡಿಲಲ್ಲಿಟ್ಟು ಗಂಟೆಗಟ್ಟಲೆ ಬಗ್ಗಿ ಕೂರುತ್ತಾರೆ. ಬೆನ್ನು, ಕುತ್ತಿಗೆ ನೋವು ಅಲ್ಲಿಂದಲೇ ಶುರು. ಅರ್ಧ ಗಂಟೆಗೊಮ್ಮೆ ಎದ್ದು ಎರಡು ನಿಮಿಷ ಓಡಾಡಿ, ಕೈ ಮೇಲೆತ್ತಿ ಬೆನ್ನು ನೆಟ್ಟಗೆ ಮಾಡಿ. ಹೊಗೆಸೊಪ್ಪಿನ ಧೂಳು ಮೂಗಿಗೆ ಹೋಗದಂತೆ ಬಟ್ಟೆ ಕಟ್ಟಿ, ಗಾಳಿ ಬರುವಲ್ಲಿ ಕೂರಿ. ಊಟದ ಮೊದಲು, ಮಗುವನ್ನು ಎತ್ತಿಕೊಳ್ಳುವ ಮೊದಲು ಸಾಬೂನು ಹಾಕಿ ಕೈ ತೊಳೆಯಿರಿ.

ಗಲ್ಫ್‌ನಲ್ಲಿರುವ ಮಕ್ಕಳಿಗೂ ಈ ಮಾತು ತಲುಪಿಸಿ. ರಾತ್ರಿ ಹನ್ನೆರಡಕ್ಕೆ ಅಂಗಡಿ ಮುಚ್ಚಿ ಬಂದು, ಹೊಟ್ಟೆ ತುಂಬಾ ಖುಬ್ಬೂಸ್ ತಿಂದು ಅಲ್ಲೇ ಮಲಗುವ ಅಭ್ಯಾಸ ಒಳ್ಳೆಯದಲ್ಲ. ಸೆಖೆಯಲ್ಲಿ ನೀರು ಕಡಿಮೆ ಕುಡಿದರೆ ಕಿಡ್ನಿಯಲ್ಲಿ ಕಲ್ಲಾಗುವ ಭಯವೂ ಉಂಟು.

ಮದ್ದು, ಪರೀಕ್ಷೆ, ಉಪವಾಸ

ಮೂವತ್ತು ದಾಟಿದವರು ವರ್ಷಕ್ಕೊಮ್ಮೆಯಾದರೂ ಶುಗರ್, ಬಿ.ಪಿ. ನೋಡಿಸಿ. ಹತ್ತಿರದ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಇದಕ್ಕೆ ದುಡ್ಡು ಬೇಡ. ಖಾಲಿ ಹೊಟ್ಟೆಯಲ್ಲಿ ಶುಗರ್ 100ರಿಂದ 125 ಇದ್ದರೆ ಎಚ್ಚರಿಕೆಯ ಗಂಟೆ. 126 ಅಥವಾ ಹೆಚ್ಚು ಬಂದರೆ ಮತ್ತೊಮ್ಮೆ ಪರೀಕ್ಷಿಸಿ ವೈದ್ಯರನ್ನು ಕಾಣಬೇಕು. ಬಿ.ಪಿ. 140/90 ಅಥವಾ ಅದಕ್ಕಿಂತ ಮೇಲೆ ನಿಂತರೂ ಹಾಗೆಯೇ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟದಿರಲಿ.

ಯಾರದೋ ವಾಯ್ಸ್ ಮೆಸೇಜ್ ಕೇಳಿ ಮದ್ದು ನಿಲ್ಲಿಸಿ ಕಷಾಯಕ್ಕೆ ಹೋಗಬೇಡಿ. ಶುಗರ್ ಏರಿದರೂ ಎಷ್ಟೋ ಸಲ ನೋವಾಗುವುದಿಲ್ಲ, ಒಳಗಿಂದೊಳಗೆ ಕಣ್ಣು, ಕಿಡ್ನಿ, ಕಾಲಿನ ನರ ಹಾಳಾಗುತ್ತವೆ. ಕಾಲಿನ ಗಾಯ ಗೊತ್ತೇ ಆಗದೆ ಕೊಳೆತು, ಬೆರಳು ಕತ್ತರಿಸಬೇಕಾದ ಸ್ಥಿತಿಯೂ ಬರುತ್ತದೆ. ವುಳೂ ಮಾಡುವಾಗ ಹೇಗೂ ಕಾಲು ತೊಳೆಯುತ್ತೇವೆ. ಹಾಗೆಯೇ ಬೆರಳ ಸಂದಿ, ಅಂಗಾಲು ನೋಡಿಕೊಳ್ಳಿ, ಒಣ ಬಟ್ಟೆಯಲ್ಲಿ ಒರೆಸಿಕೊಳ್ಳಿ. ಹಿರಿಯರಿಗೆ ಬಗ್ಗಲು ಆಗದಿದ್ದರೆ ಮೊಮ್ಮಕ್ಕಳು ನೋಡಲಿ.

ರಂಝಾನ್ ಉಪವಾಸ ಹಿಡಿಯುವ ಶುಗರ್ ರೋಗಿಗಳು ಆರರಿಂದ ಎಂಟು ವಾರ ಮೊದಲೇ ವೈದ್ಯರೊಂದಿಗೆ ಮಾತನಾಡಿ ಗುಳಿಗೆ, ಇನ್ಸುಲಿನ್ ಹೊತ್ತು ಬದಲಿಸಿಕೊಳ್ಳಬೇಕು. ಉಪವಾಸದಲ್ಲಿ ಶುಗರ್ 70ಕ್ಕಿಂತ ಕೆಳಗಿಳಿದರೆ ಅಥವಾ 300 ದಾಟಿದರೆ ಉಪವಾಸ ಬಿಡಬೇಕು ಎಂಬುದು ತಜ್ಞರ ಸೂಚನೆ. ಬೆವರು, ನಡುಕ, ತಲೆಸುತ್ತು ಬಂದರೆ ಮಗ್ರಿಬ್‌ಗೆ ಅರ್ಧ ಗಂಟೆ ಉಂಟಲ್ಲ ಎಂದು ಕಾಯಬಾರದು. ಇಫ್ತಾರ್‌ಗೆ ಖರ್ಜೂರ, ನೀರು, ಹಣ್ಣು ಇರಲಿ. ಸಮೋಸ, ಬೋಂಡ ದಿನವೂ ಬೇಡ.

ಕೊನೆಯದಾಗಿ ನಿದ್ದೆ. ದೊಡ್ಡವರಿಗೆ ರಾತ್ರಿ ಏಳು ಗಂಟೆ ನಿದ್ದೆ ಬೇಕು. ಇಶಾ ಆಗಿ, ಊಟ ಮುಗಿದ ಮೇಲೆ ಮೊಬೈಲನ್ನು ಮಲಗುವ ಕೋಣೆಯ ಹೊರಗಿಡಿ. ಮೊದಲು ದೊಡ್ಡವರು ಇಟ್ಟರೆ ಮಕ್ಕಳೂ ಇಡುತ್ತಾರೆ.

ಇಷ್ಟನ್ನೂ ನಾಳೆಯಿಂದಲೇ ಮಾಡಲು ಹೊರಟರೆ ಯಾವುದೂ ಆಗುವುದಿಲ್ಲ. ಈ ವಾರ ಚಹಾದ ಸಕ್ಕರೆ, ಎರಡು ವಾರ ಬಿಟ್ಟು ಪಲ್ಯ, ಮುಂದಿನ ತಿಂಗಳು ನಡಿಗೆ ಎಂದು ಒಂದೊಂದೇ ಹಿಡಿಯಿರಿ. ಶುಗರ್ ಇರುವ ಒಬ್ಬರಿಗೆ ಬೇರೆ ಅಡುಗೆ ಮಾಡಿದರೆ ಅವರಿಗೂ ಬೇಸರ, ಅಡುಗೆ ಮಾಡುವವರಿಗೂ ಕಷ್ಟ. ಇಡೀ ಮನೆ ಒಂದೇ ಊಟಕ್ಕೆ ಬದಲಾದರೆ ಹಿರಿಯರ ಶುಗರ್ ಹತೋಟಿಗೆ ಬರುವುದರ ಜೊತೆಗೆ ಮಕ್ಕಳಿಗೆ ಆ ಕಾಯಿಲೆ ಬರುವ ಸಾಧ್ಯತೆಯೂ ಕಮ್ಮಿಯಾಗುತ್ತದೆ.