ಎಲ್ಲರೂ ನಡೆಯಬಹುದಾದ ಬೆಟ್ಟ

ಬೆಟ್ಟವೊಂದರ ಮಾತು ಬಂದೊಡನೆ ನಾವು ಕೇಳುವ ಮೊದಲ ಪ್ರಶ್ನೆ, ಅದರ ಎತ್ತರವೆಷ್ಟು ಎಂಬುದು. ಭೂಗೋಳದ ಪಾಠಕ್ಕೆ ಆ ಪ್ರಶ್ನೆ ಒಪ್ಪುತ್ತದೆ. ಮನೆಮಂದಿಯನ್ನೆಲ್ಲ ಕರೆದುಕೊಂಡು ಒಂದು ಹಗಲು ಬೆಟ್ಟದಲ್ಲಿ ಕಳೆದುಬರೋಣವೆಂದು ಹೊರಟವರಿಗೆ ಅದರಿಂದಾಗುವ ಉಪಕಾರ ಅತ್ಯಲ್ಪ. ಕೊಡಗಿನ ಶಿಖರಗಳಲ್ಲೆಲ್ಲ ಎತ್ತರವಾದ ತಡಿಯಂಡಮೋಳ್ ಸಮುದ್ರಮಟ್ಟದಿಂದ 1748 ಮೀಟರ್ ಮೇಲಿದೆ; ಶ್ರೀಮಂಗಲದ ಆಚೆಗಿರುವ ಬ್ರಹ್ಮಗಿರಿ 1608 ಮೀಟರ್. ಅಂಕಿಯನ್ನಷ್ಟೇ ನೋಡಿದವರು ಎರಡನೆಯದು ಸುಲಭವೆಂದು ಭಾವಿಸಿಯಾರು. ನಡೆದು ನೋಡಿದವರ ಅನುಭವ ಇದಕ್ಕೆ ವಿರುದ್ಧವಾದುದು. ಎತ್ತರವನ್ನು ಅಳೆಯುವುದು ಸಮುದ್ರದಿಂದ. ನಾವು ಏರತೊಡಗುವುದು ಸಮುದ್ರದಿಂದಲ್ಲವಷ್ಟೆ. ಗೋಣಿಕೊಪ್ಪಲಿನ ಬಸ್ ನಿಲ್ದಾಣದಲ್ಲಿ ಇಳಿಯುವ ಹೊತ್ತಿಗೇ ಎಂಟುನೂರು ಮೀಟರಿಗೂ ಮಿಕ್ಕ ಎತ್ತರವನ್ನು ಬಸ್ಸೇ ನಮಗಾಗಿ ಏರಿಬಿಟ್ಟಿರುತ್ತದೆ.

ಕೀರೆಹೊಳೆಯ ದಡದ ಈ ಪೇಟೆ ದಕ್ಷಿಣ ಕೊಡಗಿನ ಬೆಟ್ಟಗಳಿಗೆ ಹೆಬ್ಬಾಗಿಲು. ಇಲ್ಲಿಂದ ಹೊರಡುವ ಯಾವ ತಂಡವನ್ನು ನೋಡಿದರೂ ಅದರಲ್ಲಿ ಎಲ್ಲ ವಯಸ್ಸಿನವರೂ ಇರುತ್ತಾರೆ: ಕಾಲೇಜು ಹುಡುಗರು, ಐದಾರು ವರ್ಷದ ಮಗು, ಮಂಡಿನೋವಿನ ಅತ್ತೆ, ಎದೆಯ ಶಸ್ತ್ರಚಿಕಿತ್ಸೆಯಾಗಿ ವರ್ಷ ಕಳೆದಿರುವ ಮಾವ. ಸಾಮಾನ್ಯವಾಗಿ ಆಗುವುದು ಎರಡರಲ್ಲೊಂದು. ಶಿಖರ ಕಾಣಲೇಬೇಕೆಂಬ ಹಟಕ್ಕೆ ಎಲ್ಲರನ್ನೂ ಎಳೆದುಕೊಂಡು ಹೋಗಿ, ಇಳಿಯುವಾಗ ಕತ್ತಲಾಗಿ, ಆನೆಯ ದಾರಿಯಲ್ಲಿ ಕೈದೀಪ ಹಿಡಿದು ತಡವರಿಸುವುದು ಒಂದು. ‘ನೀವು ಕಾರಿನಲ್ಲೇ ಕುಳಿತಿರಿ, ನಾವು ಬಂದೆವು’ ಎಂದು ಹಿರಿಯರನ್ನು ಬಿಟ್ಟು, ಆರು ಗಂಟೆಗಳ ಮೇಲೆ ಮರಳುವುದು ಇನ್ನೊಂದು. ಮೊದಲನೆಯದರಲ್ಲಿ ಪ್ರಾಣಭಯ, ಎರಡನೆಯದರಲ್ಲಿ ಯಾರೂ ಬಾಯಿಬಿಟ್ಟು ಹೇಳದ ಅವಮಾನ. ಇವೆರಡೂ ತಪ್ಪುವಂತೆ ದಾರಿಯನ್ನು ಆರಿಸಿಕೊಳ್ಳಲು ಸಾಧ್ಯವಿದೆ. ಅದರ ಕ್ರಮವೇನೆಂಬುದನ್ನು ವಿಚಾರಿಸೋಣ.

ದಾರಿಯನ್ನು ಅಳೆಯಲು ನಾಲ್ಕು ಅಳತೆಗಳು ಬೇಕು. ನಡೆಯಬೇಕಾದ ದೂರ ಎಷ್ಟು. ಹೊರಟಲ್ಲಿಂದ ಏರಬೇಕಾದ ಎತ್ತರ ಎಷ್ಟು. ಕಾಲಡಿಯ ನೆಲ ಎಂಥದು. ನಡುವೆ ನಿಂತು ಹಿಂದಿರುಗಲು ತಕ್ಕ ತಾಣಗಳು ಎಲ್ಲೆಲ್ಲಿವೆ. ಮೊದಲೆರಡನ್ನು ಕೂಡಿಸಿ ಹೊತ್ತನ್ನು ಲೆಕ್ಕ ಹಾಕುವ ಸೂತ್ರವೊಂದನ್ನು ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ. ಮೂರು ಮೈಲಿಗೆ ಒಂದು ಗಂಟೆ, ಎರಡು ಸಾವಿರ ಅಡಿ ಏರಿಗೆ ಇನ್ನೊಂದು ಗಂಟೆ. ಇಂದಿನ ಅಳತೆಯಲ್ಲಿ ಹೆಚ್ಚುಕಡಿಮೆ 5 ಕಿಲೋಮೀಟರಿಗೆ ಒಂದು ಗಂಟೆ, 600 ಮೀಟರ್ ಏರಿಗೆ ಒಂದು ಗಂಟೆ. ಇದು ಗಟ್ಟಿಮುಟ್ಟಾದ, ಎಲ್ಲಿಯೂ ನಿಲ್ಲದೆ ನಡೆಯುವವನ ಲೆಕ್ಕ. ಮಕ್ಕಳೂ ವಯಸ್ಸಾದವರೂ ಇರುವ ತಂಡ ಇದನ್ನು ಇಮ್ಮಡಿಸಿಕೊಂಡರೆ ಕ್ಷೇಮ.

ಮೂರನೆಯ ಅಳತೆಯಾದ ನೆಲವನ್ನು ನಾವು ಇಳಿಯುವಾಗ ಅರಿಯುತ್ತೇವೆ. ಏರುವಾಗ ದುಡಿಯುವುದು ಉಸಿರು. ಇಳಿಯುವಾಗ ಮೈಭಾರವೆಲ್ಲ ಬೀಳುವುದು ಮಂಡಿಯ ಮೇಲೆ. ಒಣಗಿದ ಹುಲ್ಲು ಜಾರುತ್ತದೆ, ಮಳೆ ಕೊರೆದ ಕೊರಕಲಿನಲ್ಲಿ ಪಾದ ಹೊರಳುತ್ತದೆ. ಆದಕಾರಣ, ಮಂಡಿನೋವಿನವರು ‘ಹತ್ತಿಬಿಟ್ಟೆ’ ಎಂದು ಹಿಗ್ಗುವ ಮುನ್ನ, ಆ ನೆಲದ ಮೇಲೆ ಇಳಿಯಬಲ್ಲೆನೇ ಎಂದು ಕೇಳಿಕೊಳ್ಳುವುದು ಮೇಲು. ಹಿಡಿಗೆ ಒಪ್ಪುವ ಒಂದು ಬಿದಿರುಕೋಲು ಜೊತೆಗಿದ್ದರೆ ಅರ್ಧ ಭಾರ ಹಗುರಾದಂತೆಯೇ.

ನಾಲ್ಕನೆಯ ಅಳತೆಯನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನನ್ನ ಮಟ್ಟಿಗೆ ಉಳಿದ ಮೂರಕ್ಕಿಂತ ಇದೇ ಮುಖ್ಯವಾದುದು. ನಡುವೆ ತಾಣಗಳಿರುವ ಬೆಟ್ಟದಲ್ಲಿ ಒಬ್ಬೊಬ್ಬರೂ ತಮ್ಮ ಶಕ್ತಿಗೆ ತಕ್ಕಲ್ಲಿ ನಿಲ್ಲಬಹುದು. ನಿಂತಲ್ಲಿ ನೋಡುವುದಕ್ಕೆ ಏನಾದರೂ ಇರುತ್ತದೆ. ಅಲ್ಲಿಂದ ಮರಳಿದವರು ಸೋತು ಮರಳಿದಂತಾಗುವುದಿಲ್ಲ.

ತಡಿಯಂಡಮೋಳ್ ಇದಕ್ಕೆ ಒಳ್ಳೆಯ ನಿದರ್ಶನ. ಗೋಣಿಕೊಪ್ಪಲಿನಿಂದ ವಿರಾಜಪೇಟೆಯ ಮೂಲಕ ಕಕ್ಕಬ್ಬೆಗೆ ಹೋಗಿ, ಅಲ್ಲಿಂದ ನಾಲ್ಕುನಾಡು ಅರಮನೆಯವರೆಗೆ ವಾಹನದಲ್ಲೇ ತಲುಪಬಹುದು. 1792ರ ಸುಮಾರಿಗೆ ದೊಡ್ಡವೀರರಾಜೇಂದ್ರ ಕಟ್ಟಿಸಿದ ಅರಮನೆ ಇದು. ಮಾಸ್ತಿಯವರ ಕಾದಂಬರಿಗೆ ನಾಯಕನಾದ ಚಿಕ್ಕವೀರರಾಜೇಂದ್ರ 1834ರಲ್ಲಿ ಆಂಗ್ಲರ ಸೈನ್ಯ ಕೊಡಗನ್ನು ಹೊಕ್ಕಾಗ ಆಶ್ರಯ ಪಡೆದದ್ದು ಇಲ್ಲಿಯೇ. ಅರಮನೆಯ ಅಂಗಳವೇ ಮೊದಲ ತಾಣ. ಹೆಚ್ಚು ನಡೆಯಲಾಗದವರು ಇಲ್ಲಿ ನಿಂತು ಬೆಟ್ಟವನ್ನೂ ಚರಿತ್ರೆಯನ್ನೂ ಒಟ್ಟಿಗೆ ನೋಡಬಹುದು. ಮುಂದೆ ಜೀಪು ಹೋಗುವಷ್ಟು ಅಗಲದ ಮಣ್ಣುದಾರಿ ತೋಟ ಕಾಡುಗಳ ನಡುವೆ ಹದವಾಗಿ ಏರುತ್ತದೆ. ಇಲ್ಲಿ ಇಬ್ಬರು ಕೈಹಿಡಿದು ಸಾಲಾಗಿ ನಡೆಯಬಹುದು; ಕಣ್ಣು ಮಂಜಾದವರನ್ನು ನಡೆಸಿಕೊಂಡು ಹೋಗಲು ಇಂಥ ಅಗಲವೇ ಬೇಕು. ದಾರಿ ಅರ್ಧ ಕಳೆದ ಮೇಲೆ ಕಾಡು ಸರಿದು ಹುಲ್ಲುಗಾವಲು ತೆರೆದುಕೊಳ್ಳುತ್ತದೆ. ಅಲ್ಲಿ ದೊಡ್ಡದೊಂದು ಬಂಡೆಯಿದೆ. ಬುತ್ತಿ ಬಿಚ್ಚಲು ಅದಕ್ಕಿಂತ ತಕ್ಕ ಜಾಗವಿಲ್ಲ. ಇದು ಎರಡನೆಯ ತಾಣ. ಇಲ್ಲಿಂದಾಚೆಗೆ ಮಾತ್ರ ದಾರಿಯ ಸ್ವಭಾವ ಬದಲಾಗುತ್ತದೆ. ಶೋಲಾ ಕಾಡಿನೊಳಗೆ ಬೇರುಗಳನ್ನು ಹಿಡಿದು ಹತ್ತಬೇಕಾದ ಕಡಿದಾದ ಏರು ಶಿಖರದವರೆಗೂ ಬಿಡುವುದಿಲ್ಲ.

ಈಗ ಲೆಕ್ಕ ಮಾಡಿ. ಅರಮನೆಯಿಂದ ಶಿಖರಕ್ಕೆ ಸುಮಾರು 7 ಕಿಲೋಮೀಟರ್, ಏರು ಸುಮಾರು 600 ಮೀಟರ್. ನೈಸ್ಮಿತ್ತನ ಸೂತ್ರದಂತೆ ಎರಡೂವರೆ ಗಂಟೆ, ಇಮ್ಮಡಿಸಿದರೆ ಐದು. ಇಳಿಯಲು ಮೂರು, ಊಟಕ್ಕೂ ವಿಶ್ರಾಂತಿಗೂ ಒಂದೂವರೆ. ಡಿಸೆಂಬರಿನಲ್ಲಿ ಏಳು ಗಂಟೆಗೆ ಹೊರಟ ಕುಟುಂಬ ಹಿಂತಿರುಗುವಾಗ ಸಂಜೆ ನಾಲ್ಕೂವರೆ ದಾಟಿರುತ್ತದೆ. ಗೋಣಿಕೊಪ್ಪಲಿನಲ್ಲಿ ಕಾಫಿ ಕುಡಿದು, ತಿಂಡಿ ತಿಂದು, ಹತ್ತಕ್ಕೆ ಅರಮನೆ ತಲುಪುವವರ ಪಾಡನ್ನು ಊಹಿಸಿಕೊಳ್ಳಬಹುದು. ಅಂಥವರು ಬಂಡೆಯವರೆಗೆ ಹೋಗಿಬರುವುದೆಂದು ಹೊರಡುವ ಮುನ್ನವೇ ನಿಶ್ಚಯಿಸಿಕೊಂಡರೆ ದಿನ ಸೊಗಸಾಗಿ ಕಳೆಯುತ್ತದೆ.

ಬ್ರಹ್ಮಗಿರಿಯ ವಿಷಯದಲ್ಲಿ ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳಬೇಕು. ಕೊಡಗಿನಲ್ಲಿ ಈ ಹೆಸರಿನವು ಎರಡಿವೆ. ತಲಕಾವೇರಿಯ ತೀರ್ಥಕುಂಡಿಕೆಯ ಮೇಲಣ ಬೆಟ್ಟ ಒಂದು; ಅದಕ್ಕೆ ಮೆಟ್ಟಿಲುಗಳಿವೆ, ಏರು ಕಿರಿದು. ಆದರೆ 2020ರ ಆಗಸ್ಟಿನಲ್ಲಿ ಆ ಬೆಟ್ಟದ ಒಂದು ಪಾರ್ಶ್ವ ಕುಸಿದು ಪ್ರಾಣಹಾನಿಯಾಯಿತು. ಮೇಲೆ ಹೋಗಲು ಅವಕಾಶವಿದೆಯೇ ಎಂದು ವಿಚಾರಿಸಿಕೊಂಡೇ ಹೊರಡತಕ್ಕದ್ದು. ಇನ್ನೊಂದು, ವಯನಾಡಿನ ಗಡಿಯಲ್ಲಿರುವ 1608 ಮೀಟರಿನ ಬ್ರಹ್ಮಗಿರಿ. ಪೊನ್ನಂಪೇಟೆ, ಹುದಿಕೇರಿ, ಶ್ರೀಮಂಗಲಗಳನ್ನು ದಾಟಿ ಇರ್ಪುವಿಗೆ ಹೋದರೆ ಅದರ ಬುಡ ಸಿಕ್ಕುತ್ತದೆ. ಒಂದಕ್ಕೆಂದು ಸಿದ್ಧರಾಗಿ ಇನ್ನೊಂದರ ಬುಡಕ್ಕೆ ಬಂದವರು ಪೇಚಾಡುವುದು ಸಹಜ.

ಇರ್ಪುವಿನಲ್ಲಿಯೂ ಮೂರು ತಾಣಗಳಿವೆ. ಗದ್ದೆಗಳ ನಡುವಣ ರಾಮೇಶ್ವರ ದೇವಾಲಯ, ಅದರ ಬಳಿ ಹರಿಯುವ ಲಕ್ಷ್ಮಣತೀರ್ಥ. ಇಷ್ಟು ಎಲ್ಲರಿಗೂ ಎಟುಕುವಂಥದು. ಶಿವರಾತ್ರಿಯಂದು ಇಲ್ಲಿ ಸೇರುವ ಜನರಲ್ಲಿ ಮುದುಕರೇ ಹೆಚ್ಚು ಕಾಣುವುದು ಆಶ್ಚರ್ಯವಲ್ಲ. ಅಲ್ಲಿಂದ ಮೆಟ್ಟಿಲುದಾರಿಯಲ್ಲಿ ಜಲಪಾತ. ನಿಧಾನವಾಗಿ ನಡೆಯಬಲ್ಲವರು, ಎರಡು ಮೂರು ಕಡೆ ಕುಳಿತು, ತಲುಪಿಯಾರು. ಜಲಪಾತದಾಚೆಯ ಕಾಡು ಬ್ರಹ್ಮಗಿರಿ ವನ್ಯಜೀವಿಧಾಮಕ್ಕೆ ಸೇರಿದ್ದು. ಶಿಖರಕ್ಕೆ ಸುಮಾರು 9 ಕಿಲೋಮೀಟರ್, ಅನುಮತಿಯಿಲ್ಲದೆ ಪ್ರವೇಶವಿಲ್ಲ. ನಡುದಾರಿಯ ನರಿಮಲೆಯಲ್ಲಿ ಅರಣ್ಯ ಇಲಾಖೆಯ ವಸತಿಗೃಹವೊಂದಿದೆ. ಅದನ್ನು ಬಿಟ್ಟರೆ ನಿಲ್ಲುವ ನೆಲೆಯಿಲ್ಲ. ಯಾರಿಗಾದರೂ ಕಾಲು ಉಳುಕಿದರೆ ಹೊತ್ತೇ ತರಬೇಕು. ಆದ್ದರಿಂದ ಈ ಕೊನೆಯ ಹಂತ ಪೂರ್ಣ ಸಮರ್ಥರಿಗೆ ಮಾತ್ರ. ಎತ್ತರದಲ್ಲಿ ಕಿರಿದಾದರೂ ಇದು ತಡಿಯಂಡಮೋಳಿಗಿಂತ ಕಠಿಣವೆಂದು ಮೊದಲು ಹೇಳಿದ್ದು ಈ ಕಾರಣಕ್ಕಾಗಿ.

ತನ್ನ ಶಕ್ತಿ ಎಷ್ಟೆಂದು ತಿಳಿಯದವರು ಪೇಟೆಯ ಸಮೀಪದಲ್ಲೇ ಅದನ್ನು ಪರೀಕ್ಷಿಸಿಕೊಳ್ಳಬಹುದು. ನೆತ್ತಿಯಲ್ಲಿ ಈಶ್ವರನ ಗುಡಿಯುಳ್ಳ, ಬೋಡ್ ನಮ್ಮೆಗೆ ಹೆಸರಾದ ಕುಂದ ಬೆಟ್ಟವಿದೆ. ಒಂದು ಬೆಳಗಿನಲ್ಲಿ ಹೋಗಿಬರುವಂಥದು. ಇಲ್ಲಿ ಹೇಗೆ ಏರಿ ಹೇಗೆ ಇಳಿದೆವೆಂಬುದನ್ನು ನೋಡಿ ದೊಡ್ಡ ಬೆಟ್ಟದ ಮಾತನಾಡಬಹುದು. ಬೆಟ್ಟವೇ ಬೇಡವೆನ್ನುವವರಿಗೆ ಗದ್ದೆಯ ಬದುಗಳಿವೆ. ಗದ್ದೆಯಿಂದ ಐನ್‌ಮನೆಗಳಿಗೆ ಏರುವ, ಎರಡು ಕಡೆಯೂ ಮಣ್ಣಿನ ದಿಬ್ಬಗಳಿರುವ ಓಣಿಗಳಿವೆ. ತೋಟವಾಗಲಿ ಓಣಿಯಾಗಲಿ ಒಬ್ಬರ ಮನೆಗೆ ಸೇರಿದ್ದು; ಕೇಳಿ ಹೆಜ್ಜೆಯಿಡುವುದು ಮರ್ಯಾದೆ. ಗಾಲಿಕುರ್ಚಿಯಲ್ಲಿ ಸಂಚರಿಸುವವರಿಗೆ ಈ ನಾಡಿನ ಕಾಡುದಾರಿಗಳು ಒದಗುವುದಿಲ್ಲವೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಅವರಿಗೆ ಒದಗುವುದು ವಾಹನ ವಿರಳವಾದ, ಡಾಂಬರು ಹಾಕಿದ ಹಳ್ಳಿಯ ಕಿರುದಾರಿ. ಎರಡು ಬದಿಯ ಕಾಫಿಗಿಡ, ಮೆಣಸಿನ ಬಳ್ಳಿ, ಎದುರಿಗೆ ಬೆಟ್ಟದ ಸಾಲು ಅಲ್ಲಿಯೂ ಕಾಣುತ್ತವೆ. ಜೊತೆಯವರು ಕುರ್ಚಿಯ ವೇಗಕ್ಕೆ ತಮ್ಮ ನಡಿಗೆಯನ್ನು ಹೊಂದಿಸಿಕೊಂಡರೆ ಅದೂ ಒಳ್ಳೆಯ ಚಾರಣವೇ.

ಕಾಲ, ಪ್ರಾಣಿ, ಕಾನೂನು ಈ ಮೂರನ್ನು ಕುರಿತು ಎರಡು ಮಾತು. ಜೂನಿನಿಂದ ಸೆಪ್ಟೆಂಬರಿನವರೆಗೆ ಬೆಟ್ಟವನ್ನು ಮಳೆಗೂ ಜಿಗಣೆಗೂ ಬಿಟ್ಟುಕೊಡುವುದು ವಿವೇಕ. 2018ರ ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ಕೊಡಗಿನ ಇಳಿಜಾರುಗಳು ಹೇಗೆ ಕುಸಿದುವೆಂಬುದನ್ನು ಯಾರೂ ಮರೆತಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಮಧ್ಯಾಹ್ನದ ಗುಡುಗುಮಳೆ ಬರುತ್ತದೆ. ಬಯಲು ಹುಲ್ಲುಗಾವಲಿನಲ್ಲಿ ಸಿಡಿಲಿಗೆ ಮರೆಯಿಲ್ಲ. ಅಕ್ಟೋಬರಿನಿಂದ ಫೆಬ್ರವರಿಯವರೆಗಿನ ಕಾಲ ಎಲ್ಲರಿಗೂ ಹಿತವಾದುದು. ನಾಗರಹೊಳೆಗೂ ಬ್ರಹ್ಮಗಿರಿಗೂ ನಡುವಣ ತೋಟಗಳಲ್ಲಿ ಆನೆಗಳು ತಂಗುತ್ತವೆ. ಮುಂಜಾವಿನ ಮಬ್ಬು ಹರಿಯುವ ಮುನ್ನ, ಸಂಜೆ ಬಿಸಿಲು ಇಳಿದ ಮೇಲೆ, ಊರವರೇ ಆ ದಾರಿ ತುಳಿಯುವುದಿಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಮಿತಿಮೀರಿ ಜನ ಸೇರಿದ ಮೇಲೆ ಅರಣ್ಯದ ಚಾರಣಕ್ಕೆ ಸರ್ಕಾರ ಬಿಗಿಯಾದ ಕಟ್ಟಳೆ ಹಾಕಿತು. ಅರಣ್ಯ ಇಲಾಖೆಯಿಂದ ಮುಂಗಡವಾಗಿ ಅನುಮತಿ ಪಡೆಯದೆ ಹೊರಟರೆ ಬಾಗಿಲಿನಿಂದಲೇ ಹಿಂತಿರುಗಬೇಕಾದೀತು.

ದಾರಿಯನ್ನು ಆರಿಸಿದಷ್ಟಕ್ಕೆ ಕೆಲಸ ಮುಗಿಯಲಿಲ್ಲ; ನಡೆಯುವ ಕ್ರಮವೂ ಒಂದಿದೆ. ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಸಾಲಿನ ಮುಂದಿರಲಿ. ಹಿಂದಿದ್ದರೆ, ಉಳಿದವರು ಕುಳಿತು ದಣಿವಾರಿಸಿಕೊಂಡು ಏಳುವ ಹೊತ್ತಿಗೆ ಅವರು ಬಂದು ಸೇರುತ್ತಾರೆ. ಅವರಿಗೆ ಮಾತ್ರ ವಿಶ್ರಾಂತಿಯೇ ಸಿಗುವುದಿಲ್ಲ. ಹಿಂದಿರುಗುವ ಗಂಟೆಯನ್ನು ಮೊದಲೇ ಗೊತ್ತುಮಾಡಿಕೊಂಡಿರಲಿ; ಆ ಗಂಟೆ ಬಂದಾಗ ಶಿಖರ ನೂರು ಗಜ ಮುಂದಿದ್ದರೂ ತಿರುಗುವುದೆಂದು ಒಪ್ಪಂದವಾಗಿರಲಿ. ತಂಡ ಎರಡಾಗುವುದಾದರೆ ಕೆಳಗಿನ ತಾಣದಲ್ಲಿ ಉಳಿಯುವವರ ಜೊತೆಗೆ ಬಲಶಾಲಿಯೊಬ್ಬ ಇದ್ದೇ ಇರಬೇಕು. ನೀರಿನ ಪಾತ್ರೆಯೂ ಬುತ್ತಿಯ ಪಾಲೂ ಅವರ ಬಳಿಯೇ ಇರಬೇಕು.

ಹೊರಡುವ ಹಿಂದಿನ ರಾತ್ರಿ ಮನೆಮಂದಿ ಊಟಕ್ಕೆ ಕೂತಾಗ ‘ನಾಳೆ ಎಲ್ಲಿಗೆ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದನ್ನು ಮೊದಲು ಮಂಡಿನೋವಿನ ಅತ್ತೆಯವರಿಗೆ ಕೇಳಿ, ಅವರ ಉತ್ತರದಿಂದ ಲೆಕ್ಕವನ್ನು ಆರಂಭಿಸಿ. ಹುಡುಗರಿಗೆ ಏರಲು ಬೆಟ್ಟ ಮುಂದೆಯೂ ಇರುತ್ತದೆ.